ರೋಯಿಂಗ್ ಮೆಷಿನ್ ಮನೆಗೆ ಬಂತು, ಈಗ ಆ್ಯಪ್‌ಗೂ ದುಡ್ಡು ಕೊಡಬೇಕಾ?

ಪ್ರಶ್ನೆ: ಮೇಡಂ, ನನಗೆ 44 ವರ್ಷ. ರಾಯಚೂರು ಹತ್ತಿರದ ಶಕ್ತಿನಗರದಲ್ಲಿ ಇದ್ದೇನೆ. ಶಿಫ್ಟ್ ಕೆಲಸ, ಎಂಟು ಗಂಟೆ ಕುರ್ಚಿಯಲ್ಲೇ. ತೂಕ 86 ಕೆಜಿ. ಒಂದು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಿದ್ದೇನೆ. ದೀಪಾವಳಿ ಸಮಯದಲ್ಲಿ 32,000 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಮ್ಯಾಗ್ನೆಟಿಕ್ ರೋಯಿಂಗ್ ಮೆಷಿನ್ (ಜಾರುವ ಸೀಟಿನ ಮೇಲೆ ಕೂತು, ದೋಣಿ ನಡೆಸುವಂತೆ ಹ್ಯಾಂಡಲ್ ಎಳೆಯುವ ವ್ಯಾಯಾಮದ ಯಂತ್ರ) ತರಿಸಿದೆ. ಎರಡು ತಿಂಗಳು ಚೆನ್ನಾಗಿ ಮಾಡಿದೆ. ಈಗ ವಾರಕ್ಕೆ ಒಂದು ದಿನ ಕೂತರೆ ಹೆಚ್ಚು. ಬೆಂಗಳೂರಿನಲ್ಲಿರುವ ಗೆಳೆಯ, 'ಸಾಫ್ಟ್‌ವೇರ್ ಇಲ್ಲದೆ ರೋಯಿಂಗ್ ಮಾಡೋದು ವೇಸ್ಟ್, ಟ್ರೇನಿಂಗ್ ಆ್ಯಪ್ ತಗೋ, ಅದೇ ನಿನ್ನ ಕೋಚ್' ಅಂತಾನೆ. ವರ್ಷಕ್ಕೆ 8,400 ರೂಪಾಯಿ, ತಿಂಗಳ ಲೆಕ್ಕದಲ್ಲಿ 950. ಮೆಷಿನ್ ಜೊತೆ ಬಂದ ಫ್ರೀ ಆ್ಯಪ್ ಅರ್ಧ ಗಂಟೆಗೆ 600 ಕ್ಯಾಲರಿ ತೋರಿಸುತ್ತದೆ, ತೂಕ ಮಾತ್ರ ಇಳಿದಿಲ್ಲ. ಮಾಡಿದ ಮರುದಿನ ಸೊಂಟ ಹಿಡಿದುಕೊಳ್ಳುತ್ತದೆ. ಆ್ಯಪ್ ತಗೊಂಡರೆ ಎಳೆಯುವ ರೀತಿ ಸರಿ ಹೋಗುತ್ತಾ? ಮನೆಯವರು 'ಮೆಷಿನ್ ಮೇಲೆ ಆಗಲೇ ಟವೆಲ್ ಒಣಗ್ತಿದೆ, ಮತ್ತೆ ದುಡ್ಡು ಹಾಕಬೇಡಿ' ಅಂತಿದ್ದಾರೆ. ಏನು ಮಾಡಲಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಈಗ ವರ್ಷದ ಚಂದಾ ಕಟ್ಟಬೇಡಿ. ಈ ವಿಷಯದಲ್ಲಿ ಮನೆಯವರ ಮಾತೇ ಸರಿ.

ಆ್ಯಪ್‌ಗಳ ಮೇಲೆ ನನಗೆ ಕೋಪವಿಲ್ಲ. ಕೆಲವರಿಗೆ ನಾನೇ ತಗೊಳ್ಳಿ ಅಂತ ಹೇಳಿದ್ದೇನೆ, ಅದರ ಬಗ್ಗೆ ಮುಂದೆ ಬರೆಯುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ಮೂರು ತೊಂದರೆ ಒಂದಕ್ಕೊಂದು ಸಿಕ್ಕಿಕೊಂಡಿವೆ: ಬೇಜಾರು, ಸೊಂಟ ನೋವು, ಇಳಿಯದ ತೂಕ. ಇದರಲ್ಲಿ ಆ್ಯಪ್‌ನ ಕೈಗೆ ಸಿಗುವುದು ಬೇಜಾರು ಒಂದೇ. ಸೊಂಟಕ್ಕೆ ಅದು ಏನೂ ಮಾಡುವುದಿಲ್ಲ. ಕೆಲವೊಮ್ಮೆ ನೋವು ಜಾಸ್ತಿಯೂ ಮಾಡುತ್ತದೆ.

ಗೆಳೆಯರ ಮಾತನ್ನು ಮೊದಲು ನೋಡೋಣ. ಸಾಫ್ಟ್‌ವೇರ್ ಇಲ್ಲದಿದ್ದರೆ ವೇಸ್ಟ್ ಅನ್ನುವುದು ಸುಳ್ಳು. ಇವತ್ತು ಜಗತ್ತಿನ ಹೆಚ್ಚಿನ ರೋಯಿಂಗ್ ಕ್ಲಬ್‌ಗಳು ಬಳಸುವ ಕಾನ್ಸೆಪ್ಟ್2 ಮೆಷಿನ್‌ನ ಮೊದಲ ಮಾದರಿ ಬಂದದ್ದು 1981ರಲ್ಲಿ, ಅಮೆರಿಕದ ವರ್ಮಾಂಟ್‌ನಲ್ಲಿ. ಸೈಕಲ್ ಚಕ್ರಕ್ಕೆ ಪ್ಲಾಸ್ಟಿಕ್ ರೆಕ್ಕೆ ಕಟ್ಟಿದ ಮೆಷಿನ್ ಅದು. ಆಗ ಫೋನೂ ಇಲ್ಲ, ಆ್ಯಪೂ ಇಲ್ಲ. ಅದರ ಮೇಲೆ ಪಳಗಿದವರು ದೊಡ್ಡ ದೊಡ್ಡ ಸ್ಪರ್ಧೆಗೆ ಹೋದರು. ಹೃದಯ, ಶ್ವಾಸಕೋಶ, ತೊಡೆ ಗಟ್ಟಿಯಾಗುವುದು ಎಳೆತದಿಂದ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಆ ನಿಮಿಷಗಳನ್ನು ಗೋಡೆ ಗಡಿಯಾರ ನೋಡಿಕೊಂಡು ಮಾಡಿದರೂ ದೇಹಕ್ಕೆ ಲೆಕ್ಕವೇ.

ಹಾಗಾದರೆ ಈ ಸಾಫ್ಟ್‌ವೇರ್‌ಗಳು ಮಾಡುವುದೇನು? ಕೆಲವು ಬರೀ ಲೆಕ್ಕ ಬರೆದಿಡುತ್ತವೆ: ಎಷ್ಟು ದೂರ, ಎಷ್ಟು ಹೊತ್ತು, ನಿಮಿಷಕ್ಕೆ ಎಷ್ಟು ಸ್ಟ್ರೋಕ್ (ಒಮ್ಮೆ ಎಳೆದು ವಾಪಸ್ ಬಂದರೆ ಒಂದು ಸ್ಟ್ರೋಕ್). ಕಾನ್ಸೆಪ್ಟ್2ನವರ ಎರ್ಗ್‌ಡೇಟಾ ಈ ಬಗೆಯದು, ಫ್ರೀ, ಆದರೆ ಅವರದೇ ಮಾನಿಟರ್‌ಗೆ, ಅಂದರೆ ಮೆಷಿನ್ ಮೇಲೆ ಅಂಕಿ ತೋರಿಸುವ ಪುಟ್ಟ ಪರದೆಗೆ ಮಾತ್ರ. ಕೆಲವು ವಿಡಿಯೋ ಕ್ಲಾಸ್ ಕೊಡುತ್ತವೆ. ಇಎಕ್ಸ್‌ಆರ್ ಥರದವು ಆಟದ ರೂಪದಲ್ಲಿ ಬರುತ್ತವೆ, ಪರದೆ ಮೇಲೆ ನಿಮ್ಮ ದೋಣಿ ಬೇರೆಯವರ ದೋಣಿ ಜೊತೆ ಓಡುತ್ತದೆ. ಕಿನೋಮ್ಯಾಪ್‌ನಲ್ಲಿ ನಿಜವಾದ ನದಿ, ಸರೋವರಗಳ ವಿಡಿಯೋ ನಿಮ್ಮ ವೇಗಕ್ಕೆ ತಕ್ಕಂತೆ ಸರಿಯುತ್ತದೆ. ಇನ್ನು ಕೆಲವು ಒಂದು ಟೆಸ್ಟ್ ಮಾಡಿಸಿ, ಅದರ ಮೇಲೆ ದಿನದಿನದ ಗುರಿ ಹಾಕಿಕೊಡುತ್ತವೆ. ನಿಮ್ಮ ಗೆಳೆಯರು 'ಕೋಚ್' ಅಂದದ್ದು ಬಹುಶಃ ಇದನ್ನೇ.

ಯಾವ ಬಗೆಯದಾದರೂ ಸರಿ, ಮೆಷಿನ್ ಕಳಿಸಿದ್ದಷ್ಟೇ ಆ್ಯಪ್‌ಗೆ ಗೊತ್ತಾಗುವುದು. ಹಾಗಾಗಿ ನಿಮ್ಮ ಮೆಷಿನ್ ಏನು ಕಳಿಸುತ್ತಿದೆ ಅಂತ ಮೊದಲು ತಿಳಿದುಕೊಳ್ಳಿ. ದುಡ್ಡು ಕಟ್ಟುವವರಲ್ಲಿ ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ.

ನಿಮ್ಮ ಬೆಲೆಯ ಮ್ಯಾಗ್ನೆಟಿಕ್ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ತಿರುಗುವ ಭಾಗಕ್ಕೆ ಒಂದು ಚಿಕ್ಕ ಅಯಸ್ಕಾಂತ ಅಂಟಿಸಿರುತ್ತಾರೆ. ಅದು ಸೆನ್ಸರ್ ಮುಂದೆ ಹಾದುಹೋದಾಗಲೆಲ್ಲ ಒಂದು ಎಣಿಕೆ. ಆ ಎಣಿಕೆಯಿಂದ ಮಾನಿಟರ್ ದೂರ, ವೇಗ, ಕ್ಯಾಲರಿ ಎಲ್ಲವನ್ನೂ ಅಂದಾಜು ಮಾಡುತ್ತದೆ. ಬಿಗಿ ಹೆಚ್ಚು-ಕಡಿಮೆ ಮಾಡುವ ನಾಬ್ ಇದೆಯಲ್ಲ, ಅದು ಒಂದು ವಯರ್ ಎಳೆದು ಒಳಗಿನ ಮ್ಯಾಗ್ನೆಟ್‌ಗಳನ್ನು ಚಕ್ರದ ಹತ್ತಿರ ತರುತ್ತದೆ. ನಾಬ್ 2ರಲ್ಲಿದೆಯೋ 8ರಲ್ಲಿದೆಯೋ ಅಂತ ಮಾನಿಟರ್‌ಗೆ ತಿಳಿಯುವ ದಾರಿಯೇ ಎಷ್ಟೋ ಮೆಷಿನ್‌ಗಳಲ್ಲಿ ಇಲ್ಲ. ಗುಂಡಿ ಒತ್ತಿ ಮಾನಿಟರ್‌ನಿಂದಲೇ ಬಿಗಿ ಬದಲಿಸುವ ಮೆಷಿನ್‌ಗಳು ಈ ವಿಷಯದಲ್ಲಿ ಸ್ವಲ್ಪ ವಾಸಿ.

ಕಾನ್ಸೆಪ್ಟ್2 ಥರದ, ಫ್ಯಾನ್ ತಿರುಗಿಸಿ ಬಿಗಿ ಕೊಡುವ ಗಾಳಿಯ ಮೆಷಿನ್‌ಗಳ ಕಥೆ ಬೇರೆ. ಹ್ಯಾಂಡಲ್ ಎಳೆದು ಮುಗಿಸಿ ನೀವು ಮುಂದೆ ಬರುವಾಗ ಫ್ಯಾನ್ ಎಷ್ಟು ಬೇಗ ನಿಧಾನವಾಗುತ್ತದೆ ಅನ್ನುವುದನ್ನು ಕಾನ್ಸೆಪ್ಟ್2 ಮಾನಿಟರ್ ಪ್ರತಿ ಸ್ಟ್ರೋಕ್‌ನಲ್ಲೂ ಅಳೆಯುತ್ತದೆ. ಇದಕ್ಕೆ ಡ್ರ್ಯಾಗ್ ಫ್ಯಾಕ್ಟರ್ ಅನ್ನುತ್ತಾರೆ. ಅದರಿಂದ ನಿಜವಾದ ವ್ಯಾಟ್, ಅಂದರೆ ನೀವು ಎಳೆಯಲು ಹಾಕಿದ ಶಕ್ತಿಯ ಅಳತೆ, ಸಿಗುತ್ತದೆ. ರಾಯಚೂರಿನಲ್ಲಿ ಎಳೆದ 2000 ಮೀಟರನ್ನು ಲಂಡನ್‌ನಲ್ಲಿ ಎಳೆದ 2000 ಮೀಟರ್ ಜೊತೆ ಹೋಲಿಸಬಹುದು. ಆದರೆ ಆ ಮೆಷಿನ್ ಭಾರತದಲ್ಲಿ ಒಂದು ಲಕ್ಷ ರೂಪಾಯಿ ದಾಟುತ್ತದೆ. ಈಗ ಅದರ ಆಸೆ ಬೇಡ, ನಿಮ್ಮ ಮೆಷಿನ್ ನಿಮ್ಮ ಕೆಲಸಕ್ಕೆ ಸಾಕು.

ಒಂದು ಪರೀಕ್ಷೆ ಹೇಳುತ್ತೇನೆ, ಇವತ್ತೇ ಮಾಡಿ ನೋಡಿ. ನಾಬ್ 2ರಲ್ಲಿಟ್ಟು ನಿಮಿಷಕ್ಕೆ 22 ಸ್ಟ್ರೋಕ್‌ನಂತೆ ಎರಡು ನಿಮಿಷ ಎಳೆಯಿರಿ. ದೂರ ಬರೆದುಕೊಳ್ಳಿ. ಐದು ನಿಮಿಷ ಸುಧಾರಿಸಿಕೊಳ್ಳಿ. ನಾಬ್ ಎರಡು-ಮೂರು ಹಂತ ಏರಿಸಿ, ಅದೇ 22ರಲ್ಲಿ, ಅಷ್ಟೇ ಉದ್ದ ಎಳೆದು ಮತ್ತೆ ಎರಡು ನಿಮಿಷ. ಈ ಸಲ ಕಷ್ಟ ಜಾಸ್ತಿ ಆಗಿರುತ್ತದೆ. ಆದರೂ ದೂರ ಮೊದಲಿನಷ್ಟೇ ಬಂದರೆ, ಅಥವಾ ಕಡಿಮೆಯೇ ಬಂದರೆ, ನಿಮ್ಮ ಮಾನಿಟರ್‌ಗೆ ಬಿಗಿಯ ಅರಿವಿಲ್ಲ ಅಂತ ಅರ್ಥ. ಇಂಥ ಮೆಷಿನ್ ಹಿಡಿದುಕೊಂಡು ಆ್ಯಪ್‌ನಲ್ಲಿ ಬೇರೆಯವರ ಜೊತೆ ರೇಸ್ ಮಾಡುವುದರಲ್ಲಿ ಏನೂ ಇಲ್ಲ. ನಾಬ್ ಸಡಿಲ ಬಿಟ್ಟವನೇ ಗೆಲ್ಲುತ್ತಾನೆ. ಆ್ಯಪ್ ಕೊಡುವ 'ಇವತ್ತು 140 ವ್ಯಾಟ್‌ನಲ್ಲಿ ಎಳೆಯಿರಿ' ಅನ್ನುವ ಗುರಿಗೂ ಅರ್ಥವಿರುವುದಿಲ್ಲ. ಒಂದೇ ನಂಬರ್‌ನಲ್ಲಿ ನಾಬ್ ಇಟ್ಟು, ಹೋದ ವಾರದ ನಿಮ್ಮ ಲೆಕ್ಕದ ಜೊತೆ ಈ ವಾರದ್ದನ್ನು ಹೋಲಿಸಲು ಮಾತ್ರ ಆ ಅಂಕಿ ಪ್ರಯೋಜನಕ್ಕೆ ಬರುತ್ತದೆ. ಅಷ್ಟಕ್ಕೆ ಒಂದು ಹಳೇ ನೋಟ್‌ಬುಕ್ ಸಾಕು.

600 ಕ್ಯಾಲರಿ ವಿಷಯಕ್ಕೆ ಬರೋಣ. ಕಾನ್ಸೆಪ್ಟ್2 ಮಾನಿಟರ್ ಬಳಸುವ ಲೆಕ್ಕ ಹೀಗಿದೆ: ವ್ಯಾಟ್ ಅನ್ನು 3.44ರಿಂದ ಗುಣಿಸಿ, 300 ಕೂಡಿಸಿದರೆ ಒಂದು ಗಂಟೆಯ ಕ್ಯಾಲರಿ. ಆ 300 ಸುಮಾರು 79 ಕೆಜಿ ತೂಕದವರಿಗೆ ಹಿಡಿದದ್ದು. ನಿಮ್ಮಂತೆ ಹೊಸದಾಗಿ ಶುರು ಮಾಡಿದವರು ಒಂದೇ ಸಮ ಎಳೆದರೆ 100 ವ್ಯಾಟ್ ಆಸುಪಾಸು ಇರುತ್ತಾರೆ ಅಂತಿಟ್ಟುಕೊಳ್ಳಿ. ಆಗ ಅರ್ಧ ಗಂಟೆಗೆ 320 ಕ್ಯಾಲರಿ ಚಿಲ್ಲರೆ. ಅರ್ಧ ಗಂಟೆಯಲ್ಲಿ 600 ಕರಗಬೇಕಾದರೆ 260 ವ್ಯಾಟ್ ಬೇಕು. ಅಂದರೆ 500 ಮೀಟರ್‌ಗೆ 1 ನಿಮಿಷ 50 ಸೆಕೆಂಡ್ ವೇಗದಲ್ಲಿ, ಒಂದು ಕ್ಷಣ ಬಿಡದೆ, ಅರ್ಧ ಗಂಟೆಯಲ್ಲಿ 8 ಕಿಲೋಮೀಟರ್ ದಾಟಬೇಕು. ಅದು ವರ್ಷಗಟ್ಟಲೆ ಅಭ್ಯಾಸ ಮಾಡಿದವರ ವೇಗ. ನಿಮ್ಮ ಆ್ಯಪ್ ಹೆಚ್ಚುಕಡಿಮೆ ಎರಡರಷ್ಟು ತೋರಿಸುತ್ತಿದೆ. ಆ ಅಂಕಿ ನಂಬಿಕೊಂಡು ಸಂಜೆ ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿ ಜಾಸ್ತಿ ತಿಂದರೆ ತೂಕ ಎಲ್ಲಿಂದ ಇಳಿಯಬೇಕು? ದುಡ್ಡು ಕೊಟ್ಟ ಆ್ಯಪ್ ಬಂದರೂ ಇದು ಬದಲಾಗುವುದಿಲ್ಲ, ಯಾಕೆಂದರೆ ಒಳಗೆ ಬರುವ ಮಾಹಿತಿ ಅದೇ. ತೂಕಕ್ಕೆ ತಟ್ಟೆ ಕಡೆ ನೋಡಿ. ಮೆಷಿನ್‌ನಿಂದ ಬಿಪಿ, ನಿದ್ದೆ, ದಮ್ಮು ಸುಧಾರಿಸುತ್ತದೆ, ಅದೇ ದೊಡ್ಡ ಲಾಭ.

ನನಗೆ ಹೆಚ್ಚು ಚಿಂತೆ ಇರುವುದು ನಿಮ್ಮ ಸೊಂಟದ ಬಗ್ಗೆ. ರೋಯಿಂಗ್ ಮಾಡುವವರಿಗೆ ಅತಿ ಹೆಚ್ಚು ನೋವು ಬರುವ ಜಾಗವೇ ಬೆನ್ನಿನ ಕೆಳಭಾಗ. ಒಲಿಂಪಿಕ್ಸ್‌ಗೆ ಹೋಗುವವರಿಗೂ ಇದು ತಪ್ಪಿದ್ದಲ್ಲ.

ನಮ್ಮ ಭಾಗದವರಲ್ಲಿ ನಾನು ಪದೇ ಪದೇ ನೋಡುವ ತಪ್ಪು ಒಂದಿದೆ. ದೋಣಿ ಅಂದರೆ ನಮಗೆ ಕಣ್ಣಿಗೆ ಬರುವುದು ಆನೆಗೊಂದಿ, ಸಾಣಾಪುರದ ಹರಿಗೋಲು. ಅಲ್ಲಿ ಹುಟ್ಟು ಹಾಕುವವರು ತೋಳು, ಭುಜದಿಂದ ನೀರು ಎಳೆಯುತ್ತಾರೆ. ಅದನ್ನೇ ತಲೆಯಲ್ಲಿಟ್ಟುಕೊಂಡು ಮೆಷಿನ್ ಮೇಲೆ ಕೂತವರು ಕೈಯಿಂದ ಎಳೆಯಲು ಶುರು ಮಾಡುತ್ತಾರೆ. ರೋಯಿಂಗ್ ಮೆಷಿನ್ ಮುಖ್ಯವಾಗಿ ಕಾಲಿನ ಕೆಲಸ. ಕಾಲು ಒದೆಯಬೇಕು, ಕಾಲು ಚಾಚಿಕೊಳ್ಳುತ್ತಾ ಬಂದ ಮೇಲೆ ಬೆನ್ನು ಹಿಂದೆ ವಾಲಬೇಕು, ಕೊನೆಗೆ ಕೈ ಮಡಚಬೇಕು. ವಾಪಸ್ ಬರುವಾಗ ಇದರ ಉಲ್ಟಾ: ಮೊದಲು ಕೈ ಚಾಚಿ, ಆಮೇಲೆ ಬೆನ್ನು ಮುಂದೆ ತಂದು, ಕಡೆಗೆ ಮಂಡಿ ಮಡಚಬೇಕು. ಎಳೆಯಲು ಒಂದು ಎಣಿಕೆ, ವಾಪಸ್ ಬರಲು ಎರಡು ಎಣಿಕೆ.

ಇದನ್ನು ಆ್ಯಪ್ ಸರಿ ಮಾಡುತ್ತಾ ಅಂತ ಕೇಳಿದ್ದೀರಿ. ಇಲ್ಲ. ಸೆನ್ಸರ್ ಇರುವುದು ಚಕ್ರದ ಹತ್ತಿರ. ನಿಮ್ಮ ಬೆನ್ನು ಬಿಲ್ಲಿನಂತೆ ಬಾಗಿದೆಯೋ ನೆಟ್ಟಗಿದೆಯೋ ಅದಕ್ಕೆ ಕಾಣುವುದಿಲ್ಲ. ವಿಡಿಯೋ ಕ್ಲಾಸ್‌ನ ಟ್ರೇನರ್ 'ಬೆನ್ನು ನೇರ' ಅಂತ ಕೂಗುತ್ತಾರೆ, ನಿಜ. ಆದರೆ ಅವರು ನಿಮ್ಮನ್ನು ನೋಡಿ ಹೇಳುತ್ತಿಲ್ಲ. ಒಳ್ಳೆಯ ಮಾನಿಟರ್‌ಗಳು ಪ್ರತಿ ಎಳೆತದ ಬಲವನ್ನು ಗೆರೆಯಾಗಿ ತೋರಿಸುತ್ತವೆ, ಅದರಿಂದ ಸ್ವಲ್ಪ ತಿಳಿಯುತ್ತದೆ. ನಿಮ್ಮ ಬೆಲೆಯ ಮೆಷಿನ್‌ಗಳಲ್ಲಿ ಅದು ಸಿಗುವುದು ಕಷ್ಟ.

ನಿಮ್ಮ ಜೇಬಿನಲ್ಲಿರುವ ಫೋನ್ ಈ ಕೆಲಸವನ್ನು ಪುಕ್ಕಟೆ ಮಾಡುತ್ತದೆ. ಒಂದು ಸ್ಟೂಲ್ ಮೇಲೆ, ಸೀಟಿನ ಎತ್ತರದಲ್ಲಿ, ಸರಿಯಾಗಿ ಪಕ್ಕದಿಂದ ಫೋನ್ ಇಡಿ. ಶುರುವಿನಲ್ಲಿ ಒಂದು ನಿಮಿಷ, ಸುಸ್ತಾದ ಮೇಲೆ ಕೊನೆಯ ಒಂದು ನಿಮಿಷ ವಿಡಿಯೋ ಮಾಡಿಸಿ. ಎರಡನ್ನೂ ನಿಧಾನ ಗತಿಯಲ್ಲಿ ನೋಡಿ. ಮುಂದೆ ಬಂದು ನಿಂತ ಕ್ಷಣದಲ್ಲಿ ಮೊಣಕಾಲಿನಿಂದ ಪಾದದವರೆಗಿನ ಭಾಗ ಕಂಬದಂತೆ ನೇರ ಇದೆಯಾ, ಅಥವಾ ಮಂಡಿ ಪಾದ ದಾಟಿ ಮುಂದೆ ಹೋಗಿದೆಯಾ? ಒದೆಯುವಾಗ ಸೀಟು ಮತ್ತು ಹ್ಯಾಂಡಲ್ ಒಟ್ಟಿಗೆ ಹಿಂದೆ ಹೋಗುತ್ತಿವೆಯಾ? ಸೀಟು ಹಿಂದೆ ಓಡಿ, ಹ್ಯಾಂಡಲ್ ಅಲ್ಲೇ ನಿಂತಿದ್ದರೆ ಕಾಲಿನ ಬಲವೆಲ್ಲ ಪೋಲಾಯಿತು. ಆಮೇಲೆ ಅಷ್ಟೂ ಭಾರವನ್ನು ಬಾಗಿದ ಸೊಂಟ ಒಂದೇ ಎಳೆಯುತ್ತದೆ. ನಿಮ್ಮ ನೋವಿಗೆ ಇದೇ ಕಾರಣ ಇರಬಹುದು ಅಂತ ನನ್ನ ಅನುಮಾನ. ವಾಪಸ್ ಬರುವಾಗ ಹ್ಯಾಂಡಲ್ ಮಂಡಿ ಮೇಲಿಂದ ಹಾರಿ ಬರುತ್ತಿದ್ದರೆ ಮಂಡಿ ಬೇಗ ಮಡಚುತ್ತಿದ್ದೀರಿ ಅಂತ ತಿಳಿಯಿರಿ.

ಮೊದಲ ನಿಮಿಷದಲ್ಲಿ ಎಲ್ಲ ಸರಿಯಿದ್ದು ಕೊನೆಯ ನಿಮಿಷದಲ್ಲಿ ಬೆನ್ನು ಬಾಗಿದ್ದರೆ ನಿಮ್ಮ ಸಮಯ ಅಲ್ಲಿಗೆ ಸಾಕು. ಇಪ್ಪತ್ತರ ಬದಲು ಹನ್ನೆರಡು ನಿಮಿಷ ಮಾಡಿ, ನಡುವೆ ಎದ್ದು ಒಂದು ಸುತ್ತು ಓಡಾಡಿ, ಮತ್ತೆ ಕೂರಿ. ಆ್ಯಪ್‌ನಲ್ಲಿ 'ಇನ್ನು 8 ನಿಮಿಷ ಬಾಕಿ' ಅಂತ ಓಡುತ್ತಿದ್ದರೆ ಈ ವಿವೇಕ ಉಳಿಯುವುದು ಕಷ್ಟ. ಸಿಂಧನೂರು ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಪರದೆ ಮೇಲೆ ಮುಂದೆ ಹೋಗುತ್ತಿದ್ದ ದೋಣಿಯನ್ನು ಹಿಡಿಯಲೇಬೇಕು ಅಂತ ನಿಮಿಷಕ್ಕೆ 34-36 ಸ್ಟ್ರೋಕ್ ಹೊಡೆಯುತ್ತಿದ್ದನಂತೆ. ಅರ್ಧಂಬರ್ಧ ಎಳೆತ, ಬಾಗಿದ ಬೆನ್ನು. ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗದ ಸ್ಥಿತಿಯಲ್ಲಿ ಬಂದ. ಅವನಿಗೆ ನಾನು ಮೊದಲು ಹೇಳಿದ್ದೇ ಪರದೆ ಆರಿಸು, 20 ಸ್ಟ್ರೋಕ್‌ಗೆ ಇಳಿ ಅಂತ.

ನಿಮಗೆ ಹೊಟ್ಟೆ ಅಡ್ಡ ಬರುತ್ತಿದ್ದರೆ ಪೂರ್ತಿ ಮುಂದೆ ಬರಲೇಬೇಕು ಅನ್ನುವ ಹಠ ಬೇಡ. ಪಾದ ಇಡುವ ಹಲಗೆಯನ್ನು ಇಳಿಸಲು ಬರುತ್ತಿದ್ದರೆ ಒಂದು ಹಂತ ಇಳಿಸಿ. ನಾಬ್ 3-4ಕ್ಕಿಂತ ಮೇಲೆ ಬೇಡ. ಜೋರು ಬಿಗಿಯಲ್ಲಿ ಎಳೆದರೆ ಒಳ್ಳೆಯ ವ್ಯಾಯಾಮ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ, ಅದರಿಂದ ಸೊಂಟದ ಮೇಲೆ ಭಾರ ಬೀಳುತ್ತದೆ ಅಷ್ಟೇ. ಹಾಸಿಗೆಯಿಂದ ಎದ್ದು ನೇರ ಮೆಷಿನ್ ಹತ್ತಬೇಡಿ. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ, ಆ ಹೊತ್ತಿನಲ್ಲಿ ಬಗ್ಗಿ ಎಳೆದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಎದ್ದು ಮುಕ್ಕಾಲು ಗಂಟೆ ಓಡಾಡಿದ ಮೇಲೆ ಕೂರಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಮೆಷಿನ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮೂತ್ರ ಹೋಗಲು ತೊಂದರೆಯಾದರೆ ಅದೇ ದಿನ ಹೋಗಬೇಕು, ಕಾಯುವಂತಿಲ್ಲ.

ಇನ್ನು ಬಿಪಿ. ಯಾವ ಮಾತ್ರೆ ಅಂತ ನೀವು ಬರೆದಿಲ್ಲ. ಚೀಟಿ ತೆಗೆದು ನೋಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ಇದ್ದರೆ ಅದು ಹಾರ್ಟ್ ರೇಟ್ ಏರದಂತೆ ತಡೆಯುತ್ತದೆ. ಆಗ ಆ್ಯಪ್ ಹಾಕಿಕೊಡುವ ಹಾರ್ಟ್ ರೇಟ್ ಗುರಿ ನಿಮಗೆ ಹೊಂದುವುದಿಲ್ಲ. ಅದು 220ರಲ್ಲಿ ವಯಸ್ಸು ಕಳೆದು 176 ಅಂತ ಹಿಡಿಯುತ್ತದೆ, ಅದರಲ್ಲಿ ಇಷ್ಟು ಪರ್ಸೆಂಟ್ ಮುಟ್ಟಿ ಅನ್ನುತ್ತದೆ. ನೀವು ಏದುಸಿರು ಬಿಡುತ್ತಿದ್ದರೂ ಪರದೆ ಮೇಲೆ 'ಇನ್ನೂ ಜೋರಾಗಿ' ಅಂತ ಬರುತ್ತದೆ. ಮಾತ್ರೆ ಇಲ್ಲದವರಿಗೂ ಆ 220ರ ಲೆಕ್ಕ ಹತ್ತು-ಹನ್ನೆರಡು ಆಚೀಚೆ ಆಗುವುದು ಮಾಮೂಲು. ನೀರಿನ ಮಾತ್ರೆ ಅಂತ ಕರೆಯುವ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇದ್ದರೆ ಬೇಸಿಗೆಯಲ್ಲಿ ತಲೆ ಸುತ್ತುವ ಸಾಧ್ಯತೆ ಇದೆ. ಎರಡರಲ್ಲಿ ಯಾವುದಿದ್ದರೂ ಮಾತ್ರೆ ಕೊಟ್ಟ ಡಾಕ್ಟರನ್ನು ಒಂದು ಮಾತು ಕೇಳಿ, ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಎಳೆಯುವಾಗ ಉಸಿರು ಹಿಡಿಯಬೇಡಿ, ಬಿಪಿ ಒಮ್ಮೆಲೇ ಏರುತ್ತದೆ. ಬಿಪಿ 180/110 ಮುಟ್ಟಿದ್ದರೆ ಆ ದಿನ ಮೆಷಿನ್ ಬೇಡ, ಡಾಕ್ಟರ್ ಬೇಕು. ಎದೆ ಹಿಡಿದರೆ, ಕಣ್ಣು ಕತ್ತಲಿಟ್ಟರೆ ಅರ್ಧಕ್ಕೇ ಬಿಟ್ಟು ಆಸ್ಪತ್ರೆಗೆ ಹೋಗಿ.

ಎಷ್ಟು ಜೋರು ಅಂತ ತಿಳಿಯಲು ನಾನು ಎಲ್ಲರಿಗೂ ಹೇಳುವುದು ಒಂದೇ. ಎಳೆಯುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಮಾತಾಡಬಹುದು, ಹಾಡಲು ಆಗುವುದಿಲ್ಲ ಅನ್ನುವ ಮಟ್ಟ ಸರಿ.

ಈಗ ನಮ್ಮ ಬಿಸಿಲು. ಬೇರೆ ದೇಶದಲ್ಲಿ ಬರೆದ ಪ್ಲಾನ್‌ಗಳಿಗೆ ರಾಯಚೂರಿನ ಏಪ್ರಿಲ್ ಗೊತ್ತಿಲ್ಲ. ಸೆಖೆಯಲ್ಲಿ ದೇಹ ತಣ್ಣಗಾಗಲು ರಕ್ತವನ್ನು ಚರ್ಮದ ಕಡೆ ಕಳಿಸುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ. ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ಹೃದಯ ಇನ್ನೂ ವೇಗವಾಗಿ ಬಡಿಯುತ್ತದೆ. ಜನವರಿಯಲ್ಲಿ ಆರಾಮಾಗಿ ಎಳೆದ ಅದೇ ವೇಗ, ಅದೇ 20 ನಿಮಿಷ, ಏಪ್ರಿಲ್‌ನಲ್ಲಿ ಹೃದಯಕ್ಕೆ ತುಂಬಾ ಜಾಸ್ತಿ ಕೆಲಸ. ಆದರೆ ಚಳಿಗಾಲದಲ್ಲಿ ಮಾಡಿದ ಟೆಸ್ಟ್ ಮೇಲೆ ನಿಂತ ಪ್ಲಾನ್ ವಾರದಿಂದ ವಾರಕ್ಕೆ ಗುರಿ ಏರಿಸುತ್ತಲೇ ಹೋಗುತ್ತದೆ. ಜನ ಆಗ ತಾವು ವೀಕ್ ಆದೆವು ಅಂದುಕೊಂಡು ಬಿಟ್ಟುಬಿಡುತ್ತಾರೆ. ಬೇಸಿಗೆಯಲ್ಲಿ ವೇಗ ಮರೆತುಬಿಡಿ, ನಿಮಿಷ ಮಾತ್ರ ಎಣಿಸಿ. ದೇಹ ಸೆಖೆಗೆ ಒಗ್ಗಲು ಹತ್ತು-ಹದಿನಾಲ್ಕು ದಿನ ಬೇಕು. ಮೈಗೆ ಗಾಳಿ ಬೀಸುವಂತೆ ಫ್ಯಾನ್ ಇಡಿ. ಕೂಲರ್ ಹಾಕಿದರೆ ಕಿಟಕಿ ತೆರೆದಿರಲಿ, ಇಲ್ಲದಿದ್ದರೆ ಕೋಣೆಯಲ್ಲಿ ತೇವ ತುಂಬಿ ಬೆವರು ಆರುವುದಿಲ್ಲ. ಮಾಡುವ ಮೊದಲು, ಆದ ಮೇಲೆ ತೂಕ ನೋಡಿ. ಅರ್ಧ ಕೆಜಿ ಇಳಿದಿದ್ದರೆ ಅದು ಅರ್ಧ ಲೀಟರ್ ನೀರು, ಕೊಬ್ಬಲ್ಲ. ನೀರು, ಉಪ್ಪು ಕಡಿಮೆ ಹಾಕಿದ ಮಜ್ಜಿಗೆ ಕುಡಿಯಿರಿ.

ಶಿಫ್ಟ್ ಕೆಲಸದವರಿಗೆ ಇನ್ನೊಂದು ತೊಡಕು. ಆ್ಯಪ್‌ಗಳ ಪ್ಲಾನ್ ಸೋಮವಾರ ಇದು, ಬುಧವಾರ ಅದು ಅಂತ ಹೋಗುತ್ತದೆ. ಒಂದು ದಿನವೂ ತಪ್ಪಿಸಬೇಡಿ, ಸರಪಳಿ ಮುರಿಯುತ್ತದೆ ಅಂತ ಹೆದರಿಸುತ್ತದೆ. ನಿಮ್ಮ ವಾರ ಹಾಗಿರುವುದಿಲ್ಲ, ಅಲ್ವಾ? ನೈಟ್ ಶಿಫ್ಟ್ ಮುಗಿಸಿ ಬಂದು ಕೆಂಡದಂಥ ಕಣ್ಣಲ್ಲಿ ಮೆಷಿನ್ ಹತ್ತುವುದು ಬೇಡವೇ ಬೇಡ. ಮಲಗಿ ಎದ್ದು, ಊಟ ಕರಗಿದ ಮೇಲೆ ಸಂಜೆ ಮಾಡಿ. ಬೆಳಗಿನ ಪಾಳಿ ಇದ್ದಾಗ ಮನೆಗೆ ಬಂದು ವಿಶ್ರಾಂತಿ ತಗೊಂಡು ಬಿಸಿಲು ಇಳಿದ ಮೇಲೆ ಮಾಡಿ. ಮಧ್ಯಾಹ್ನದ ಪಾಳಿ ಇದ್ದಾಗ ಬೆಳಿಗ್ಗೆ ಮಾಡಿ, ಬೇಸಿಗೆಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಹೊತ್ತು. ಪಾಳಿ ಬದಲಾಗುವ ದಿನ ರಜೆ.

ಒಟ್ಟು ವಾರಕ್ಕೆ ಮೂರು ಸಲ ಸಾಕು. ಎರಡು ಸಲ ಮಾತಾಡಬಲ್ಲ ವೇಗದಲ್ಲಿ, 20ರಿಂದ 22 ಸ್ಟ್ರೋಕ್. ಈಗ ಹನ್ನೆರಡು-ಹದಿನೈದು ನಿಮಿಷದಿಂದ ಶುರು ಮಾಡಿ, ಸೊಂಟ ಸುಮ್ಮನಿದ್ದರೆ ವಾರಕ್ಕೆ ಎರಡು-ಮೂರು ನಿಮಿಷ ಏರಿಸುತ್ತಾ ಅರ್ಧ ಗಂಟೆಗೆ ತನ್ನಿ. ಮೂರನೆಯ ಸಲ ಐದು ನಿಮಿಷ ಮೈ ಬಿಸಿ ಮಾಡಿಕೊಂಡು, ಒಂದು ನಿಮಿಷ ಸ್ವಲ್ಪ ಜೋರು, ಎರಡು ನಿಮಿಷ ಹಗುರ, ಹೀಗೆ ಐದಾರು ಸುತ್ತು. ಉಳಿದ ದಿನ ಕಾಲೊನಿಯಲ್ಲಿ ನಡೆಯಿರಿ. ಇದು ಬೇಸರ ಅನಿಸಿದರೆ ಕಾನ್ಸೆಪ್ಟ್2ನವರು ಪ್ರತಿದಿನ ಒಂದು ಸಣ್ಣ, ಒಂದು ಮಧ್ಯಮ, ಒಂದು ಉದ್ದದ ವರ್ಕೌಟ್ ಪುಕ್ಕಟೆ ಕೊಡುತ್ತಾರೆ. ಅದರಲ್ಲಿರುವ ಸಮಯದ ಲೆಕ್ಕವನ್ನು ಯಾವ ಮೆಷಿನ್‌ನಲ್ಲಾದರೂ ಮಾಡಬಹುದು.

ಹಾಗಾದರೆ ಯಾರಿಗೆ ಆ್ಯಪ್ ಬೇಕು? ಮಾಡುವ ರೀತಿ ಸರಿಯಿದೆ, ನೋವಿಲ್ಲ, ಮೆಷಿನ್ ಸರಿಯಾದ ಅಂಕಿ ಕಳಿಸುತ್ತದೆ, ಆದರೆ ಗೋಡೆ ನೋಡಿಕೊಂಡು ಎಳೆಯಲು ಮನಸ್ಸು ಬರುವುದಿಲ್ಲ ಅನ್ನುವವರಿಗೆ. ಮಾನ್ವಿಯ ಒಬ್ಬ ಟೀಚರ್ ಇದ್ದಾರೆ. ಶಾಲೆ, ಅಡುಗೆ, ಅತ್ತೆಯ ಆರೈಕೆ ಮುಗಿಸಿ ರಾತ್ರಿ ಎಂಟಕ್ಕೆ ಮೆಷಿನ್ ಮೇಲೆ ಕೂರುತ್ತಾರೆ. ನದಿಯ ವಿಡಿಯೋ ಹಾಕಿಕೊಂಡರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ, 'ಅದೊಂದೇ ಮೇಡಂ ನನ್ನದು ಅಂತ ಇರೋ ಹೊತ್ತು' ಅಂದರು. ಅವರಿಗೆ ಆ ಚಂದಾ ದುಡ್ಡು ಸಾರ್ಥಕ, ಮುಂದುವರಿಸಿ ಅಂದೆ. 2000 ಮೀಟರ್ ಸ್ಪರ್ಧೆಗೆ ತಯಾರಾಗುವವರಿಗೂ ಒಳ್ಳೆಯ ಪ್ಲಾನ್ ಇರುವ ಆ್ಯಪ್ ಉಪಯೋಗಕ್ಕೆ ಬರುತ್ತದೆ.

ನಿಮಗೆ ನನ್ನ ಸಲಹೆ: ಮೊದಲು ಎಂಟು ವಾರ ಒಂದು ಪೈಸೆ ಹಾಕದೆ ನೋಟ್‌ಬುಕ್ ಮತ್ತು ಫೋನ್ ವಿಡಿಯೋ ಇಟ್ಟುಕೊಂಡು ಮಾಡಿ. ಇದರಲ್ಲಿರುವ ಅಪಾಯ ಒಂದೇ, ಬೇಜಾರಾಗಿ ಮತ್ತೆ ಬಿಡಬಹುದು. ಅದಕ್ಕೆ ಕ್ರಿಕೆಟ್ಟೋ ಹಾಡೋ ಹಾಕಿಕೊಳ್ಳಿ. ಖರ್ಚು ಮಾಡಲೇಬೇಕು ಅಂತಿದ್ದರೆ, ವರ್ಷದ ಚಂದಾದ ಅರ್ಧಕ್ಕೂ ಕಡಿಮೆ ದುಡ್ಡಿಗೆ ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ ಸಿಗುತ್ತದೆ. ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ ಕೈಗಡಿಯಾರದ ಅಳತೆ ಆಗಾಗ ತಪ್ಪುತ್ತದೆ, ಪಟ್ಟಿ ತಪ್ಪುವುದು ಕಡಿಮೆ. ಇಲ್ಲವೇ ಆ ದುಡ್ಡಿನಲ್ಲಿ ಒಂದೆರಡು ಸಲ ರಾಯಚೂರಿನಲ್ಲಿ ಯಾವುದಾದರೂ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ನಿಮ್ಮ ವಿಡಿಯೋ ತೋರಿಸಿ. ನೋವಿರುವುದರಿಂದ ನಾನಾದರೆ ಇದನ್ನೇ ಮೊದಲು ಮಾಡುತ್ತೇನೆ.

ಎಂಟು ವಾರ ಆದ ಮೇಲೂ ಆ್ಯಪ್ ಬೇಕು ಅನಿಸಿದರೆ 950ರ ತಿಂಗಳ ಚಂದಾ ತಗೊಳ್ಳಿ. ಲೆಕ್ಕ ಹಾಕಿದರೆ ವರ್ಷದ್ದು ಅಗ್ಗ ಕಾಣುತ್ತದೆ, ಆದರೆ ಎರಡು ತಿಂಗಳಿಗೆ ನಿಂತುಹೋದರೆ 8,400ರಲ್ಲಿ 6,500 ಹೋದಂತೆ. ಕಟ್ಟುವ ಮೊದಲು ಆ್ಯಪ್‌ನವರ ಪಟ್ಟಿಯಲ್ಲಿ ನಿಮ್ಮ ಮೆಷಿನ್‌ನ ಮಾಡೆಲ್ ಹೆಸರು ಇದೆಯಾ ನೋಡಿ. ಬ್ಲೂಟೂತ್ ಇದ್ದ ಮಾತ್ರಕ್ಕೆ ಎಲ್ಲ ಆ್ಯಪ್‌ಗೂ ಕೂಡುವುದಿಲ್ಲ. ಮೆಷಿನ್ ವಿವರದಲ್ಲಿ ಎಫ್‌ಟಿಎಂಎಸ್ ಅಂತ ಬರೆದಿದ್ದರೆ ಕೂಡುವ ಸಾಧ್ಯತೆ ಜಾಸ್ತಿ, ಅದು ಹಲವು ಕಂಪನಿಗಳು ಒಪ್ಪಿಕೊಂಡ ಪದ್ಧತಿ. ಕೆಲವು ಮೆಷಿನ್‌ಗಳು ತಮ್ಮದೇ ಆ್ಯಪ್ ಬಿಟ್ಟು ಬೇರೆಯದರ ಜೊತೆ ಮಾತೇ ಆಡುವುದಿಲ್ಲ. ಫ್ರೀ ಟ್ರಯಲ್‌ನಲ್ಲಿ ಸ್ಟ್ರೋಕ್, ದೂರ ಸರಿಯಾಗಿ ಬರುತ್ತಿದೆಯಾ ನೋಡಿ. ವಿಡಿಯೋ ಮೊದಲೇ ಡೌನ್‌ಲೋಡ್ ಮಾಡಿಡಲು ಬರುತ್ತಾ ಕೇಳಿ, ಕರೆಂಟ್ ಹೋದಾಗ ವೈಫೈ ಕೂಡ ಹೋಗುತ್ತದೆ. ನಿಮ್ಮ ಹಳೇ ಲೆಕ್ಕವನ್ನು ಫೈಲ್ ಆಗಿ ಹೊರಗೆ ತೆಗೆಯಲು ಬಿಡದ ಆ್ಯಪ್ ಬೇಡ.

ಟ್ರಯಲ್ ಶುರು ಮಾಡಿದ ದಿನವೇ ಅದು ಮುಗಿಯುವ ಎರಡು ದಿನ ಮೊದಲಿಗೆ ಫೋನ್‌ನಲ್ಲಿ ಅಲಾರಂ ಇಡಿ. ಕಾರ್ಡ್‌ನಿಂದ ತಾನಾಗಿ ದುಡ್ಡು ಕಡಿತ ಆಗುವ ವ್ಯವಸ್ಥೆಯಲ್ಲಿ 24 ಗಂಟೆ ಮೊದಲು ಬ್ಯಾಂಕ್‌ನಿಂದ ಸಂದೇಶ ಬರಬೇಕು ಅಂತ ಆರ್‌ಬಿಐ ನಿಯಮ ಇದೆ, ಆ ಮೆಸೇಜ್ ಓದದೆ ಅಳಿಸಬೇಡಿ. ಫೋನ್‌ನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಸಬ್‌ಸ್ಕ್ರಿಪ್ಷನ್ ಅನ್ನುವ ಜಾಗಕ್ಕೆ ಹೋಗಿ ಅಲ್ಲೇ ರದ್ದು ಮಾಡಬೇಕು.